ಹದಿನೆಂಟು ಮನೆಯ ಜ್ವರ

ನಮ್ಮೂರಿನಲ್ಲಿ ಜ್ವರ ಒಬ್ಬರಿಗೆ ಬರುವುದಿಲ್ಲ, ಬೀದಿಗೆ ಬರುತ್ತದೆ. ಮೂರನೇ ಮನೆಯ ಮಗು ತಣ್ಣೀರಲ್ಲಿ ಆಡಿ ಮೈ ಬಿಸಿ ಮಾಡಿಕೊಂಡರೆ ಹದಿನೇಳನೇ ಮನೆಯ ಮುದುಕನ ಹಲ್ಲು ಕಟಕಟಿಸುತ್ತದೆ. ರೋಗ ದಾಟುವುದಿಲ್ಲ, ಜ್ವರ ಮಾತ್ರ ದಾಟುತ್ತದೆ. ಬೀದಿಯ ಎರಡು ತುದಿಗೂ ಒಂದೊಂದು ಕಲ್ಲು ನೆಟ್ಟಿದ್ದಾರೆ, ಅದರಾಚೆಗೆ ಹೋಗುವುದಿಲ್ಲ. ಜ್ವರ ಹಿಡಿದವರು ತಾವಾಗಿ ಕಲ್ಲು ದಾಟಿದರೆ ಆಚೆ ಬೀದಿಯೂ ಮಲಗುತ್ತದೆ, ಆದ್ದರಿಂದ ಮೈ ಬಿಸಿಯಿರುವವರು ಕಲ್ಲು ದಾಟುವಂತಿಲ್ಲ ಎನ್ನುವುದು ಊರಿನ ಮೊದಲ ಕಾನೂನು. ಶಾಲೆಗೆ ರಜೆ ಬೀದಿವಾರು ಕೊಡುತ್ತಾರೆ. ಹೆಣ್ಣು ಕೊಡುವವರು ಹುಡುಗನ ಜಾತಕ ಕೇಳುವ ಮೊದಲು ಆ ಬೀದಿಗೆ ವರ್ಷಕ್ಕೆ ಎಷ್ಟು ಜ್ವರ ಎಂದು ವಿಚಾರಿಸುತ್ತಾರೆ. ನಾನು ಸೊಸೆಯಾಗಿ ಬಂದ ಬೀದಿಗೆ ಆರು ಎಂದು ನಮ್ಮಪ್ಪನಿಗೆ ಹೇಳಿದ್ದರು. ಬಂದು ನೋಡಿದರೆ ಒಂಬತ್ತು. ಮದುವೆ ಮಾತುಕತೆಯಲ್ಲಿ ಯಾರು ತಾನೇ ನಿಜ ಹೇಳುತ್ತಾರೆ.

ನನ್ನ ಹೆಸರು ನೀಲಾಂಬಿಕೆ. ಊರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಔಷಧ ಕೂಡಿಸುವುದು ನನ್ನ ಕೆಲಸ. ಕೆಮ್ಮಿನ ನೀರು, ಗಾಯದ ಮುಲಾಮು ಎಲ್ಲ ಮಾಡುತ್ತೇನೆ, ಆದರೆ ನನ್ನ ನಿಜವಾದ ಹುಚ್ಚು ಬೇರೆ. ನಮ್ಮ ರಕ್ತದಲ್ಲಿ ಕಾವಲು ಕಣಗಳಿವೆ. ಅವುಗಳ ಒಳಗೆ ಒಂದು ಪ್ರೋಟೀನು ಕೈಕಾಲು ಮಡಚಿಕೊಂಡು ಕೂತಿರುತ್ತದೆ. ಹೊರಗಿನ ಕ್ರಿಮಿ ನುಗ್ಗಿದಾಗ ಅದು ಮೈ ಬಿಚ್ಚಿ ಎದ್ದು ಪಕ್ಕದ ಕಣಕ್ಕೆ ಸುದ್ದಿ ಮುಟ್ಟಿಸುತ್ತದೆ, ಅದು ಅದರ ಪಕ್ಕದ್ದಕ್ಕೆ. ಸುದ್ದಿ ಹಬ್ಬುತ್ತ ಹೋದಂತೆ ಮೈ ಬಿಸಿಯಾಗುತ್ತದೆ. ಆದರೆ ಗಡ್ಡೆ ಎನ್ನುವುದು ಹೊರಗಿನದಲ್ಲ, ನಮ್ಮದೇ ಮಾಂಸ ದಾರಿ ತಪ್ಪಿದ್ದು. ಕಾವಲಿನವರು ಅದನ್ನು ನೋಡಿ ಮನೆಯವರೇ ಅಂದುಕೊಂಡು ಸುಮ್ಮನಾಗುತ್ತಾರೆ. ಆಗ ಆ ಪ್ರೋಟೀನನ್ನು ತಟ್ಟಿ ಎಬ್ಬಿಸುವ ವಸ್ತುವನ್ನು ನಾವೇ ಒಳಗೆ ಬಿಡಬೇಕು. ಅಂಥ ಸಂಯುಕ್ತಗಳನ್ನು ನಾನು ಹನ್ನೊಂದು ವರ್ಷದಿಂದ ಮಾಡುತ್ತಿದ್ದೆ. ಒಂದರ ಬಾಲ ಮೋಟು ಮಾಡಿ, ಇನ್ನೊಂದಕ್ಕೆ ಒಂದು ಉಂಗುರ ಸೇರಿಸಿ, ಮೂವತ್ತೊಂದರ ತನಕ ಬಂದಿದ್ದೆ.

ಎಬ್ಬಿಸುವ ಔಷಧ ಕೊಟ್ಟರೆ ಜ್ವರ ಬಂದೇ ಬರುತ್ತದೆ. ಜ್ವರವೆಂದರೆ ಇಡೀ ಬೀದಿಯ ಜ್ವರ. ಅದಕ್ಕೇ ಊರಿನ ಹಿರಿಯರು ಬಹಳ ಹಿಂದೆ ಹೊರವಲಯದಲ್ಲಿ ಒಂದು ಮನೆ ಕಟ್ಟಿಸಿದ್ದರು. ಹೊರಮನೆ ಎಂದೇ ಅದರ ಹೆಸರು. ಎರಡು ಕೋಣೆ, ಒಂದು ಬಚ್ಚಲು, ಸುತ್ತ ಯಾರೂ ಇಲ್ಲ. ಗಡ್ಡೆಯಾದವರನ್ನು ಅಲ್ಲಿಗೆ ಸಾಗಿಸಿ, ಸೂಜಿ ಚುಚ್ಚಿ, ಬಾಗಿಲು ಹಾಕಿಕೊಂಡು ಬರುವುದು ಪದ್ಧತಿ. ಮೂರು ದಿನ ಒಬ್ಬರೇ ನಡುಗಿಕೊಂಡು ಬಿದ್ದಿರಬೇಕು. ಗಾಜಿನ ತಟ್ಟೆಯಲ್ಲಿ ನನ್ನ ಔಷಧ ಹಾಕಿದರೆ ಕಾವಲು ಕಣಗಳು ಎದ್ದು ಗದ್ದಲ ಮಾಡುತ್ತಿದ್ದವು. ಅದೇ ಔಷಧ ಹೊರಮನೆಗೆ ಹೋದರೆ ಸಪ್ಪೆ. ಏಳು ಜನ ಹೋದರು, ಆರು ಜನರ ಗಡ್ಡೆ ಇದ್ದ ಹಾಗೇ ಇತ್ತು, ಆಮೇಲೆ ಆ ಆರು ಜನ ಇರಲಿಲ್ಲ. ಊರಿನವರು ನನ್ನ ಔಷಧಕ್ಕೆ ನೀಲಾಂಬಿಕೆಯ ನೀರು ಎಂದು ಹೆಸರಿಟ್ಟರು. ನನ್ನ ಮುಂದೆಯೇ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದೆ.

ಹೀಗಿರುವಾಗ ನಮ್ಮತ್ತೆಯ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಅತ್ತೆ ಚೆನ್ನಾಜಮ್ಮ ನಮ್ಮ ಬೀದಿಯ ಹಿಟ್ಟಿನ ಗಿರಣಿ ನಡೆಸುವವರು. ಮೂವತ್ತು ವರ್ಷ ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ಗಂಟಲು ದೊಡ್ಡದು. ಗುಟ್ಟು ಹೇಳಿದರೂ ನಾಲ್ಕು ಮನೆಗೆ ಕೇಳುತ್ತದೆ. ನನಗೂ ಅವರಿಗೂ ಮೊದಲಿನಿಂದ ಅಷ್ಟಕ್ಕಷ್ಟೆ. ನಾನು ಮಾಡಿದ ಸಾರು ಅವರಿಗೆ ಯಾವತ್ತೂ ಹಿಡಿಸಿದ್ದಿಲ್ಲ, ಅವರು ಹೇಳಿದ ಕೆಲಸ ನಾನು ಯಾವತ್ತೂ ಹೇಳಿದ ಹೊತ್ತಿಗೆ ಮಾಡಿದ್ದಿಲ್ಲ. ನನ್ನ ಗಂಡ ಗುರುಸಿದ್ದ ಇಬ್ಬರ ನಡುವೆ ಬಾಯಿಗೆ ಬೀಗ ಹಾಕಿಕೊಂಡು ಹದಿನಾರು ವರ್ಷ ಸಂಸಾರ ಮಾಡಿದ ಪುಣ್ಯಾತ್ಮ. ಆದರೂ ಒಂದು ದಿನ ಅತ್ತೆ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವಾಗ ಕಿವಿಯ ಕೆಳಗೆ ನನ್ನ ಬೆರಳಿಗೆ ಆ ಗಂಟು ಸಿಕ್ಕಿದಾಗ ಎಣ್ಣೆ ಬಟ್ಟಲು ಕೆಳಗಿಟ್ಟು ಮತ್ತೆ ಮತ್ತೆ ಒತ್ತಿ ನೋಡಿದೆ. ಒತ್ತಿದರೆ ನೋವಿಲ್ಲ ಅಂದರು. ನೋವಿಲ್ಲ ಅಂದಿದ್ದಕ್ಕೇ ನನಗೆ ಹೆದರಿಕೆಯಾದದ್ದು. ನೋವಿಲ್ಲವೆಂದರೆ ಅಲ್ಲಿಗೆ ಕಾವಲಿನವರು ಯಾರೂ ಹೋಗಿಲ್ಲ ಎಂದರ್ಥ.

ಒಂಬತ್ತು ತಿಂಗಳಲ್ಲಿ ಅದು ನಿಂಬೆಹಣ್ಣಿನ ಗಾತ್ರ ದಾಟಿತು. ಡಾಕ್ಟರು ಕೊಯ್ಯುವ ಜಾಗದಲ್ಲಿಲ್ಲ ಎಂದರು. ಎಬ್ಬಿಸುವ ಔಷಧವಿಲ್ಲದಿದ್ದರೆ ಬೇಸಿಗೆ ಕಾಣುವುದು ಕಷ್ಟ ಎಂದು ಗುರುಸಿದ್ದನನ್ನು ಪಕ್ಕಕ್ಕೆ ಕರೆದು ಹೇಳಿದರು. ಆ ರಾತ್ರಿ ಊಟಕ್ಕೆ ಕೂತಾಗ ಹೊರಮನೆಯ ಮಾತು ತೆಗೆದೆವು. ಅತ್ತೆ ತಟ್ಟೆ ಸರಿಸಿದರು. "ನಾನು ಹೋಗಲ್ಲ ಕಣೇ. ನಿನ್ನ ನೀರು ಚುಚ್ಚಿಸ್ಕೊಂಡು ಗೋಡೆ ನೋಡ್ತಾ ಸಾಯೋದಕ್ಕಿಂತ ಗಿರಣಿ ಮುಂದೆ ಕೂತು ಸಾಯ್ತೀನಿ" ಎಂದರು. ನನ್ನ ನೀರು ಎಂದು ಅವರೂ ಅಂದದ್ದು ನನಗೆ ತಡೆಯಲಿಲ್ಲ. ಮಾರನೆಯ ಬೆಳಗ್ಗೆ ಕೆಲಸಕ್ಕೆ ಹೋಗದೆ ನೆಟ್ಟಗೆ ಬಳೆಯಂಗಡಿ ಜೈನಾಬಿಯ ಹತ್ತಿರ ಹೋದೆ.

ಹೊರಮನೆಗೆ ಹೋದ ಏಳು ಜನರಲ್ಲಿ ವಾಸಿಯಾಗಿ ಬಂದವಳು ಜೈನಾಬಿ ಒಬ್ಬಳೇ. ಅವಳಿಗೆ ಕೊಟ್ಟದ್ದು ಹತ್ತೊಂಬತ್ತನೇ ಸಂಯುಕ್ತ. ಅದರಲ್ಲೇನೋ ವಿಶೇಷ ಇದೆಯೆಂದು ನಾನು ನಾಲ್ಕು ವರ್ಷ ಅದರ ಬಾಲವನ್ನೇ ಬೇರೆ ಬೇರೆ ಬಗೆಯಲ್ಲಿ ಕತ್ತರಿಸುತ್ತ ಕೂತಿದ್ದೆ. ಆ ನಾಲ್ಕು ವರ್ಷ ಔಷಧವನ್ನು ಕೇಳಿದೆ, ಅವಳನ್ನು ಕೇಳಿರಲಿಲ್ಲ. ಅವಳು ನನ್ನ ಕೈ ಹಿಡಿದು ಹಸಿರು ಬಳೆ ಏರಿಸುತ್ತ ಸಲೀಸಾಗಿ ಹೇಳಿಬಿಟ್ಟಳು. ಅವಳ ಐದು ಹೆಣ್ಣುಮಕ್ಕಳು ಅಮ್ಮನನ್ನು ಒಬ್ಬಳೇ ಬಿಡುವುದಿಲ್ಲ ಎಂದು ಹಟ ಹಿಡಿದು, ಗಾಡಿಯ ಹಿಂದೆ ನಡೆದು ಬಂದು, ಕಿಟಕಿಯಿಂದ ಒಳಗೆ ಇಳಿದು, ಅವಳ ಸುತ್ತ ಚಾಪೆ ಹಾಸಿಕೊಂಡು ಮಲಗಿದ್ದರಂತೆ. ಆರೂ ಜನ ಒಟ್ಟಿಗೆ ನಡುಗಿದರಂತೆ. ಎರಡನೇ ದಿನಕ್ಕೆ ಗಡ್ಡೆ ಕೆಂಪಗಾಗಿ ಸುಡತೊಡಗಿತಂತೆ. "ನಮ್ಮ ಹುಡುಗೀರು ಮೊಂಡು ಅಂತ ಊರೆಲ್ಲ ಬಯ್ದರಮ್ಮ. ಆಮೇಲೆ ಆ ಕಿಟಕಿಗೆ ಸರಳು ಹಾಕ್ಸಿದರು" ಎಂದು ನಕ್ಕಳು.

ನಾನು ನಗಲಿಲ್ಲ. ಹುಡುಗಿಯರು ಕಿಟಕಿ ಹತ್ತಿದ ಸುದ್ದಿ ನಾನೂ ಕೇಳಿದ್ದೆ, ಆದರೆ ಅವರು ಒಳಗೇ ಉಳಿದು ಅಮ್ಮನ ಜೊತೆ ನಡುಗಿದ್ದು ನನಗೆ ತಿಳಿದದ್ದು ಇವತ್ತೇ. ಗಾಜಿನ ತಟ್ಟೆಯಲ್ಲಿ ಲಕ್ಷಾಂತರ ಕಣಗಳು ಒಂದರ ಪಕ್ಕ ಒಂದು ಕೂತಿರುತ್ತವೆ. ಒಂದು ಕೂಗಿದರೆ ಇನ್ನೊಂದು ಓಗೊಡುತ್ತದೆ, ಅದನ್ನು ಕೇಳಿ ಮೊದಲನೆಯದು ಮತ್ತೂ ಜೋರಾಗಿ ಕೂಗುತ್ತದೆ. ಬೀದಿಯ ಜ್ವರವೂ ಅದೇ. ಒಂದು ಮೈ ಕರೆದದ್ದಕ್ಕೆ ಹದಿನೆಂಟು ಮನೆ ಉತ್ತರ ಕೊಡುವುದನ್ನು ನಾವು ಕಾಟವೆಂದು ತಿಳಿದು, ಯಾರಿಗೆ ಆ ಉತ್ತರ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರನ್ನೇ ಗೊತ್ತುಮಾಡಿ ಒಂಟಿ ಮನೆಗೆ ಹಾಕಿ ಬಂದಿದ್ದೆವು. ಆರು ಜನ ಕೂಗಿ ಕೂಗಿ ಸತ್ತಿದ್ದರು. ನಾನೇ ಅಲ್ಲವೇ ಅವರಿಗೆ ಸೂಜಿ ಚುಚ್ಚಿ ಚಿಲಕ ಹಾಕಿ ಬಂದವಳು. ಬಳೆಯಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಹೊರಗಿನವರು ಯಾರಾದರೂ ಬಂದಿದ್ದರೆ ಮೊದಲ ದಿನವೇ ಕಂಡುಹಿಡಿಯುತ್ತಿದ್ದರು. ಇದು ನಮ್ಮೂರಿನವರು ಮಾತ್ರ ಮಾಡಬಹುದಾದ ತಪ್ಪು, ಮತ್ತು ನಾನು ನಮ್ಮೂರಿನವಳು.

ಅತ್ತಿದ್ದು ಸಾಕೆನಿಸಿದ ಮೇಲೆ ಸಿಟ್ಟು ಬಂತು. ಪುರಸಭೆಯ ಆರೋಗ್ಯಾಧಿಕಾರಿ ವಿರೂಪಾಕ್ಷಪ್ಪನವರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ, ಕಾಗದದಲ್ಲಿ ಇಲ್ಲದ್ದು ಅವರ ತಲೆಗೆ ಇಳಿಯುವುದಿಲ್ಲ ಅಷ್ಟೆ. ಎಬ್ಬಿಸುವ ಔಷಧ ಹೊರಮನೆಯಲ್ಲೇ ಕೊಡಬೇಕು, ಹೊರಮನೆಯಲ್ಲಿ ಒಬ್ಬರೇ ಇರಬೇಕು, ನಿಯಮ ಹಾಗಿದೆ ಎಂದರು. ಆ ನಿಯಮದಿಂದ ಆರು ಜನ ಸತ್ತರು ಎಂದೆ. ನಿಮ್ಮ ಔಷಧದಿಂದ ಸತ್ತರು ಎಂದು ಎಲ್ಲರೂ ಹೇಳುತ್ತಾರಲ್ಲ ಎಂದರು. ನಾನು ನಮಸ್ಕಾರ ಹೇಳಿ ಹೊರಗೆ ಬಂದೆ. ಇನ್ನು ಇವರನ್ನು ಕೇಳುವುದಿಲ್ಲ, ಕೇಳಬೇಕಾದವರು ಹದಿನೆಂಟು ಮನೆಯವರು ಎಂದು ದಾರಿಯಲ್ಲೇ ತೀರ್ಮಾನಿಸಿದೆ.

ಭಾನುವಾರ ಬೆಳಗ್ಗೆ ಗಿರಣಿಯ ಮುಂದೆ ಬೀದಿಯವರೆಲ್ಲ ಸೇರಿದರು. ಮುಚ್ಚಿಟ್ಟುಕೊಳ್ಳದೆ ಹೇಳಿದೆ. ಮೂವತ್ತೊಂದನೇ ಔಷಧ ಗಟ್ಟಿಯಾದದ್ದು, ಎರಡು ಹಗಲು ಎರಡು ರಾತ್ರಿ ಎಲ್ಲರ ಮೈ ಕೆಂಡವಾಗುತ್ತದೆ, ಗಟ್ಟಿಮುಟ್ಟಾದವರು ತಡೆದುಕೊಳ್ಳುತ್ತಾರೆ, ಎದೆ ನಿತ್ರಾಣವಿರುವವರಿಗೆ ಅಪಾಯ ಉಂಟು ಎಂದೆ. ಬೀದಿಯ ಯಜಮಾನರಾದ ಪಂಚಾಕ್ಷರಯ್ಯನವರು ಎದ್ದು ನಿಂತು ಆಗುವುದಿಲ್ಲ ಎಂದರು. ಅವರ ಮಾತಿಗೂ ಕಾರಣವಿತ್ತು. ಮೂವತ್ತನಾಲ್ಕು ವರ್ಷದ ಹಿಂದೆ ಯಾರದೋ ಮನೆಯ ಜ್ವರ ಅವರ ತಮ್ಮನನ್ನು ತೆಗೆದುಕೊಂಡು ಹೋಗಿತ್ತು. ಈಗ ಮನೆಯಲ್ಲಿ ನಾಲ್ಕು ತಿಂಗಳ ಮೊಮ್ಮಗಳು. ಒಬ್ಬರನ್ನು ಉಳಿಸಲು ಇನ್ನೊಬ್ಬರ ಮನೆಗೆ ಬೆಂಕಿ ಇಡಬಾರದು, ಚೆನ್ನಾಜಮ್ಮ ದೊಡ್ಡ ಮನಸ್ಸು ಮಾಡಿ ಹೊರಮನೆಗೆ ಹೋಗಲಿ ಎಂದರು. ಹಲವರು ತಲೆ ಆಡಿಸಿದರು.

ಅತ್ತೆ ಅಲ್ಲಿಯವರೆಗೆ ಗೋಧಿ ಚೀಲದ ಮೇಲೆ ಸುಮ್ಮನೆ ಕೂತಿದ್ದರು. ಈಗ ಎದ್ದರು. ಗಂಟಿನಿಂದಾಗಿ ಕತ್ತು ಒಂದು ಕಡೆಗೆ ವಾಲಿತ್ತು, ಗಂಟಲು ಮಾತ್ರ ವಾಲಿರಲಿಲ್ಲ. "ಪಂಚಾಕ್ಷರಯ್ಯನೋರೇ, ನಿಮ್ಮ ದೊಡ್ಡ ಮೊಮ್ಮಗನಿಗೆ ದಡಾರ ಬಂದಾಗ ನಾನು ಇಲ್ಲೇ ನಿಂತ್ಕೊಂಡು ನಡುಗಿದ್ದೀನಿ. ನಿಮ್ಮ ಹೆಂಡ್ತಿಗೆ ಹಲ್ಲು ಕೀವಾದಾಗ ನಡುಗಿದ್ದೀನಿ. ನಿಮ್ಮ ತಮ್ಮ ಹೋದ ಜ್ವರದಲ್ಲಿ ನನ್ನ ಹೊಟ್ಟೇಲಿದ್ದ ಎರಡನೇ ಕೂಸೂ ಹೋಯ್ತು, ಅದನ್ನ ನಾನು ಯಾರ ಹತ್ರನೂ ಹೇಳಿಲ್ಲ. ನಲವತ್ತೆರಡು ವರ್ಷ ಈ ಬೀದಿಯೋರೆಲ್ಲರ ಜ್ವರಾನೂ ಉಂಡಿದ್ದೀನಿ. ಕೊಡೋವಾಗ ಒಬ್ಬರೂ ನನ್ನ ಒಪ್ಪಿಗೆ ಕೇಳ್ಲಿಲ್ಲ. ನಾನು ಕೇಳಿ ಒಂದೇ ಒಂದು ಜ್ವರ ಕೊಡ್ತೀನಿ ಅಂದ್ರೆ ಕೂತ್ಕೊಂಡು ಪಂಚಾಯ್ತಿ ಮಾಡ್ತೀರಿ" ಎಂದರು.

ಗುರುಸಿದ್ದ ಅಮ್ಮನನ್ನೇ ನೋಡುತ್ತಿದ್ದ. ತನಗೊಬ್ಬ ತಮ್ಮನೋ ತಂಗಿಯೋ ಇರಬೇಕಿತ್ತೆಂದು ಅವನಿಗೂ ಆಗಲೇ ತಿಳಿದದ್ದು. ನನಗೆ ಎಲ್ಲಿಲ್ಲದ ಧೈರ್ಯ ಬಂತು. ಸೆರಗಿನ ಗಂಟು ಬಿಚ್ಚಿದೆ. ಹೊರಮನೆಯ ಬೀಗದಕೈ ಆಸ್ಪತ್ರೆಯಲ್ಲಿ ನನ್ನ ಸುಪರ್ದಿಯಲ್ಲೇ ಇರುತ್ತದೆ. ಅದನ್ನು ಪಂಚಾಕ್ಷರಯ್ಯನವರ ಮುಂದೆ ಜಗಲಿಯ ಮೇಲೆ ಇಟ್ಟೆ. "ಈ ಸಲ ಕಾಯಿಲೆಯವರು ಹೋಗಲ್ಲ ಯಜಮಾನ್ರೇ. ಜ್ವರ ಬೇಡ ಅನ್ನೋರು ಹೋಗಲಿ. ಎಳೆ ಮಗು, ಬಾಣಂತಿ, ಎದೆನೋವಿನೋರು, ಹೆದರಿಕೆ ಇರೋರು, ಎಲ್ಲರೂ ಹೋಗಿ ಮೂರು ದಿನ ಇದ್ದು ಬನ್ನಿ. ನಾನೇ ಗುಡಿಸಿ ಒಲೆ ಹಚ್ಚಿ ಬರ್ತೀನಿ" ಎಂದೆ.

ಪಂಚಾಕ್ಷರಯ್ಯನವರು ಬೀಗದಕೈಯನ್ನು ಹಾವು ನೋಡಿದ ಹಾಗೆ ನೋಡಿದರು. ನಿಯಮ ಮುರಿಯುವವರ ಜೊತೆ ಮಾತಿಲ್ಲ, ಪುರಸಭೆಗೆ ತಿಳಿಸುತ್ತೇನೆ ಎಂದರು. ತಿಳಿಸಿ ಎಂದೆ. ಆದರೆ ಸಂಜೆ ಅವರ ಸೊಸೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಮೆಲ್ಲಗೆ ಬೀಗದಕೈ ಇಸಿದುಕೊಂಡು ಹೋದಳು. ಬುಧವಾರದ ಹೊತ್ತಿಗೆ ಒಂಬತ್ತು ಜನ ಹಾಸಿಗೆ ಸುತ್ತಿಕೊಂಡು ಹೊರಟರು. ಪಂಚಾಕ್ಷರಯ್ಯನವರು ಎಲ್ಲರಿಗಿಂತ ಹಿಂದೆ, ಕೊಡೆ ಊರಿಕೊಂಡು, ಯಾರನ್ನೂ ನೋಡದೆ ನಡೆದರು. ಅವರ ಹೆಂಡತಿ ಮಾತ್ರ ಕಲ್ಲಿನ ತನಕ ಹೋಗಿ ಗಂಡನ ಕೈಗೆ ಬುತ್ತಿ ಕೊಟ್ಟು ವಾಪಸು ಬಂದರು. ಚೆನ್ನಾಜಮ್ಮನಿಗೆ ನನ್ನ ಹಲ್ಲಿನ ಬಾಕಿ ಇದೆ ಎಂದಷ್ಟೇ ಹೇಳಿ ಒಳಗೆ ಹೋಗಿ ಗಂಜಿಗೆ ಅಕ್ಕಿ ನೆನೆಹಾಕಿದರು. ಉಳಿದವರು ಅರವತ್ತೆರಡು ಜನ. ಎಣಿಸಿ ನೋಡಿ ನನಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಅವರಲ್ಲಿ ಒಬ್ಬರಿಗೆ ಹೆಚ್ಚುಕಮ್ಮಿಯಾದರೂ ನಾನು ಈ ಬೀದಿಯಲ್ಲಿ ಮುಖ ಎತ್ತುವ ಹಾಗಿರಲಿಲ್ಲ.

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಗಿರಣಿಯ ಜಗಲಿಯ ಮೇಲೆ, ಎಲ್ಲರೂ ನೋಡುತ್ತಿರುವಂತೆ ಗಂಟಿನ ಪಕ್ಕಕ್ಕೇ ಸೂಜಿ ಚುಚ್ಚಿದೆ. ಅತ್ತೆ ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಎಲ್ಲರೂ ತಂತಮ್ಮ ಮನೆಗೆ ಹೋಗಿ ಮಲಗಬಹುದಿತ್ತು, ಯಾರೂ ಹೋಗಲಿಲ್ಲ. ಚಾಪೆ, ಕಂಬಳಿ, ಗೋಣಿತಾಟು ಏನು ಸಿಕ್ಕಿತೋ ಅದನ್ನು ತಂದು ಬೀದಿಯಲ್ಲೇ ಹಾಸಿದರು. ಹನ್ನೊಂದು ಗಂಟೆಗೆ ಅತ್ತೆಯ ಮೈ ಬಿಸಿಯಾಯಿತು. ಕಾಲು ಗಂಟೆಯಲ್ಲಿ ನನ್ನ ಬೆನ್ನಿನಲ್ಲಿ ಚಳಿ ಹತ್ತಿತು, ಗುರುಸಿದ್ದನಿಗೆ ಹತ್ತಿತು, ಹಾಗೇ ಒಂದೊಂದೇ ಮನೆ ದಾಟಿಕೊಂಡು ಎರಡೂ ಕಲ್ಲುಗಳ ತನಕ ಹೋಯಿತು. ನಾನು ಈ ಬೀದಿಯಲ್ಲಿ ನೂರಕ್ಕೆ ಮೇಲ್ಪಟ್ಟು ಜ್ವರ ಕಂಡವಳು. ಎಲ್ಲವೂ ಗೊಣಗಾಟದ ಜ್ವರಗಳು. ಇದೊಂದು ಮಾತ್ರ ಕರೆಸಿಕೊಂಡು ಬಂದದ್ದು. ಹಲ್ಲು ಕಟಕಟಿಸುತ್ತಲೇ ಜನ ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು, ಮೈ ಸ್ವಲ್ಪ ಗಟ್ಟಿಯಿದ್ದವರು ಗಂಜಿ ಹಂಚುತ್ತಿದ್ದರು.

ಎರಡು ಗಂಟೆಗೆ ವಿರೂಪಾಕ್ಷಪ್ಪನವರು ಬಂದರು. ಜೊತೆಗೆ ಇಬ್ಬರು ಆಳುಗಳು, ಒಂದು ಕೈಗಾಡಿ. ಕಲ್ಲಿನ ಆಚೆ ನಿಂತು, ರೋಗಿಯನ್ನು ತಕ್ಷಣ ಹೊರಮನೆಗೆ ಸಾಗಿಸಬೇಕೆಂದು ಹುಕುಂ ಆಗಿದೆ ಎಂದು ಕೂಗಿದರು. ಹುಕುಂ ಬರೆದದ್ದು ಜ್ವರ ಏರುವ ಮೊದಲು, ಮೈ ಬಿಸಿಯಿರುವವರು ಕಲ್ಲು ದಾಟುವಂತಿಲ್ಲ ಎನ್ನುವುದು ಆ ಕಾಗದದಲ್ಲಿ ಇರಲಿಲ್ಲ. ಹೊರಮನೆ ತುಂಬಿದೆ, ಜಾಗವಿಲ್ಲ ಎಂದು ಇತ್ತ ಕಡೆಯಿಂದ ಯಾರೋ ಕೂಗಿದರು. ಅಷ್ಟು ನಿತ್ರಾಣದಲ್ಲೂ ಬೀದಿಯೆಲ್ಲ ನಕ್ಕಿತು. ನಾನು ಗೋಡೆ ಹಿಡಿದುಕೊಂಡು ಕಲ್ಲಿನವರೆಗೆ ಹೋದೆ. ಒಳಗೆ ಬರಬೇಡಿ, ಬಂದರೆ ನಿಮ್ಮನ್ನೂ ಹಿಡಿಯುತ್ತದೆ, ಆಮೇಲೆ ನಿಮ್ಮದೇ ಕಾನೂನಿನ ಪ್ರಕಾರ ಜ್ವರ ಇಳಿಯುವ ತನಕ ಹೊರಗೆ ಹೋಗುವಂತಿಲ್ಲ ಎಂದು ಕೈಮುಗಿದು ಹೇಳಿದೆ. ಆಳುಗಳು ಕೈಗಾಡಿ ಬಿಟ್ಟು ಹತ್ತು ಹೆಜ್ಜೆ ಹಿಂದೆ ಸರಿದರು. ವಿರೂಪಾಕ್ಷಪ್ಪನವರು ತಾನು ಅಧಿಕಾರಿ ಎನ್ನುವಂತೆ ನನ್ನನ್ನು ನೋಡಿ ಕಲ್ಲು ದಾಟಿದರು.

ಅತ್ತೆಯ ಎದುರಿಗೆ ನಿಂತು ಹುಕುಂ ಓದತೊಡಗಿದರು. ಮೊದಲ ಪುಟ ಮುಗಿಯುವ ಹೊತ್ತಿಗೆ ಕಾಗದ ಅಲುಗತೊಡಗಿತು. ಎರಡನೇ ಪುಟದಲ್ಲಿ ಅಕ್ಷರ ತಡವರಿಸಿತು. ಮೂರನೆಯದಕ್ಕೆ ಕನ್ನಡಕ ಮೂಗಿನಿಂದ ಜಾರಿತು, ಹಿಡಿದುಕೊಳ್ಳಲು ಹೋಗಿ ಅವರು ಹಾಗೇ ಜಗಲಿಯ ಅಂಚಿಗೆ ಕುಸಿದು ಕೂತರು. ಅವರ ಮೈಯೂ ಉತ್ತರ ಕೊಡತೊಡಗಿತ್ತು. ಪಂಚಾಕ್ಷರಯ್ಯನವರ ಹೆಂಡತಿ ತಮ್ಮ ಕಂಬಳಿಯ ಅರ್ಧ ಅವರ ಹೆಗಲಿಗೆ ಹೊದಿಸಿದರು. ಎಷ್ಟು ಹೊತ್ತು ಹೀಗೆ ಎಂದು ಅವರು ಮಗುವಿನ ಹಾಗೆ ಕೇಳಿದರು. ಶನಿವಾರ ಬೆಳಗ್ಗೆಯ ತನಕ ಎಂದೆ. ಅರವತ್ತೆರಡರ ಜೊತೆ ಅರವತ್ತಮೂರನೆಯವರಾಗಿ ಅವರು ಮಂಡಿ ಅಪ್ಪಿಕೊಂಡು ನಡುಗಿದರು.

ಆಗ ಅತ್ತೆ ನನ್ನ ಮಣಿಕಟ್ಟು ಹಿಡಿದರು. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಬಳೆಯೊಂದು ಒಡೆಯಿತು. ಕುತ್ತಿಗೆಯ ಗಂಟು ಕೆಂಪೇರಿ, ಚರ್ಮ ಬಿಗಿದು, ಮುಟ್ಟುವ ಮುಂಚೆಯೇ ಬೆರಳಿಗೆ ಶಾಖ ತಾಗುತ್ತಿತ್ತು. "ಏನೇ ಹಾಕಿದೆ ನಂಗೆ? ಪ್ರಾಣ ಹೋಗೋ ಹಾಗೆ ನೋಯ್ತಿದೆ ಕಣೇ" ಎಂದರು. ಒಂಬತ್ತು ತಿಂಗಳಲ್ಲಿ ಮೊದಲ ಸಲ ನೋಯುತ್ತಿತ್ತು. ನಾನು ಅವರ ಕೈಗೆ ಹಣೆ ಒತ್ತಿ ಅಳುತ್ತಿದ್ದೆ, ನಗುತ್ತಲೂ ಇದ್ದೆ. ಜ್ವರದಲ್ಲಿ ಎರಡೂ ಒಂದೇ ಆಗಿತ್ತು.

"ನೋಯಲಿ ಬಿಡಿ ಅತ್ತೆ. ಇಡೀ ಬೀದಿ ಸೇರ್ಕೊಂಡು ಅದನ್ನ ಹೊಡೀತಿದೆ" ಎಂದೆ.

ಅತ್ತೆ ತಲೆ ಎತ್ತಿ, ಬೀದಿಯುದ್ದಕ್ಕೂ ಮುದುಡಿ ನಡುಗುತ್ತಿದ್ದ ಜನರನ್ನು ಆ ಕಲ್ಲಿನಿಂದ ಈ ಕಲ್ಲಿನ ತನಕ ನೋಡಿದರು. ಆಮೇಲೆ ನನ್ನ ಕೈ ಬಿಡದೆ, ಹದಿನೆಂಟು ಮನೆಗೂ ಕೇಳುವ ಹಾಗೆ ಹೇಳಿದರು.

"ಇಷ್ಟು ಸಾಲ್ದು. ಇನ್ನೂ ಜೋರಾಗಿ ಹೊಡೀರಿ."